ಗುಂಡಿಯ ಮಣ್ಣು, ಏರಿಯ ಮಣ್ಣು

ನನ್ನ ಅತ್ತೆಯವರಿಗೆ ನನ್ನ ಕೆಲಸ ಏನೆಂದು ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಯಾರಾದರೂ ಕೇಳಿದರೆ, "ಅಳಿಯಂದಿರು ಚಿಕ್ಕಬಳ್ಳಾಪುರದಲ್ಲಿ ಮಣ್ಣು ಹುರೀತಾರೆ" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಐವತ್ತೈದು ತುಂಬಿ ಮನೆಯಲ್ಲಿ ಕೂತ ಮೇಲೆ ಯೋಚಿಸಿದರೆ ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ ಅನಿಸುತ್ತದೆ. ಸರ್ಕಾರದ ಸಂಬಳ ತೆಗೆದುಕೊಂಡು ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ. ಕೆರೆ ಏರಿಗೋ ರಸ್ತೆಗೋ ಹಾಕುವ ಮಣ್ಣನ್ನು ಒಂದಿಷ್ಟು ತಂದು ತೂಗುವುದು. ಬಾಣಲೆಗೆ ಹಾಕಿ ಇದ್ದಿಲ ಒಲೆಯ ಮೇಲೆ ಒಣಗಿಸುವುದು. ಮತ್ತೆ ತೂಗುವುದು. ಕಡಿಮೆಯಾದ ತೂಕವೇ ಅದರಲ್ಲಿದ್ದ ನೀರು. ನೂರು ಪಾಲು ಒಣಮಣ್ಣಿಗೆ ನೀರು ಎಷ್ಟು ಪಾಲು ಎಂದು ಲೆಕ್ಕ ಹಾಕಿ ರಿಜಿಸ್ಟರಿನಲ್ಲಿ ಬರೆಯುವುದು.

ಇಷ್ಟಕ್ಕೆ ಒಬ್ಬ ಮನುಷ್ಯ ಬೇಕೇ ಎಂದು ಹೊಸದಾಗಿ ಇಲಾಖೆಗೆ ಸೇರುತ್ತಿರುವ ಹುಡುಗರು ಕೇಳುತ್ತಾರೆ. ಮರ್ಯಾದಸ್ಥರು, ಬಾಯಿಬಿಟ್ಟು ಕೇಳುವುದಿಲ್ಲ, ಮುಖದಲ್ಲಿ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಒಣಮಣ್ಣಿನ ಮೇಲೆ ಎಷ್ಟು ಭಾರ ಉರುಳಿಸಿದರೂ ಅದರ ಕಣಗಳು ಒಂದಕ್ಕೊಂದು ಆನಿಕೊಂಡು ನಿಲ್ಲುತ್ತವೆ, ನಡುವೆ ಟೊಳ್ಳು ಉಳಿಯುತ್ತದೆ. ಸ್ವಲ್ಪ ನೀರಿದ್ದರೆ ಜಾರಿ, ಸರಿದು, ಒತ್ತಾಗಿ ಕೂರುತ್ತವೆ. ನೀರು ಹೆಚ್ಚಾದರೆ ಮಣ್ಣು ಕೂರಬೇಕಾದ ಜಾಗದಲ್ಲಿ ನೀರೇ ಕೂತುಬಿಡುತ್ತದೆ. ಆಗ ರೋಲರ್ ಹೋದ ಕಡೆಯೆಲ್ಲ ನೆಲ ಹಾಸಿಗೆಯ ಹಾಗೆ ಅಲುಗುತ್ತದೆ. ಇವೆರಡರ ನಡುವೆ ಒಂದು ಹದ ಇದೆ, ಪ್ರತಿ ಮಣ್ಣಿಗೂ ಅದರದೇ ಹದ. ನಮ್ಮ ಕೆಲಸವೆಲ್ಲ ಆ ಹದವನ್ನು ಹಿಡಿಯುವುದು. ಇದರಲ್ಲಿ ಮೋಸ ಎಲ್ಲಿದೆಯೆಂದರೆ, ಹದಕ್ಕಿಂತ ಒಣಗಿದಾಗ ಉರುಳಿಸಿದ ಮಣ್ಣು ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಹಾರೆ ಹಾಕಿದರೆ ಕಲ್ಲಿನ ಸದ್ದು ಬರುತ್ತದೆ. ನೀರು ಸೋಕಿದ ದಿನ ಅದರ ಬಂಡವಾಳ ಬಯಲಾಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ತಿಳಿದುಕೊಂಡದ್ದು ಬಹಳ ತಡವಾಗಿ.

ಐವತ್ತರ ದಶಕದ ನಡುವಿನಲ್ಲಿ ಚಿಕ್ಕಬಳ್ಳಾಪುರದ ಕಚೇರಿಯ ಹಿಂದಿನ ಒಂದು ಕೋಣೆಯನ್ನು ನನ್ನ ಪ್ರಯೋಗಾಲಯ ಎಂದು ಕರೆದು ಬೀಗ ಕೊಟ್ಟರು. ಒಂದು ತಕ್ಕಡಿ, ಒಂದು ಒಲೆ, ಎರಡು ಬಾಣಲೆ. ನಾನು ಹುಟ್ಟಾ ಅಂಜುಬುರುಕ. ತಕ್ಕಡಿ ಗಾಳಿಗೆ ಅಲುಗೀತೆಂದು ಕಿಟಕಿ ಮುಚ್ಚುತ್ತಿದ್ದೆ. ಇದ್ದಿಲ ಹೊಗೆಗೆ ಸತ್ತೇನೆಂದು ತೆರೆಯುತ್ತಿದ್ದೆ. ದಿನವೆಲ್ಲ ಹೀಗೆ ಮುಚ್ಚಿ ತೆರೆದು, ಸಂಜೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುತ್ತಿದ್ದೆ.

ನನ್ನ ಮೇಲಧಿಕಾರಿ ಶೇಷಗಿರಿರಾಯರು. ಉಪವಿಭಾಗದ ಇಂಜಿನಿಯರು. ಚುರುಕು ಮನುಷ್ಯ, ಕೆಲಸ ನಿಲ್ಲುವುದನ್ನು ಸಹಿಸುತ್ತಿರಲಿಲ್ಲ. ನನ್ನ ಮೊದಲ ಪೆದ್ದುತನವನ್ನು ಅವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು. ಗೌರಿಬಿದನೂರಿನ ಕಡೆ ಒಂದು ರಸ್ತೆಯ ದಿಬ್ಬಕ್ಕೆ ಕರಿಮಣ್ಣು ಹಾಕುತ್ತಿದ್ದರು. ನಾನು ಹೋಗಿ ಮಾದರಿ ತೆಗೆದು, ಅದನ್ನು ಪತ್ರಿಕೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ, ಬಸ್ಸಿನಲ್ಲಿ ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತು ಬಂದೆ. ಹುರಿದು ನೋಡಿದರೆ ನೀರು ತೀರ ಕಡಿಮೆ. "ನೀರು ಹಾಕಿ" ಎಂದು ಬರೆದು ಕಳಿಸಿದೆ. ಅವರು ಹಾಕಿದರು. ಮರುದಿನ ರೋಲರ್ ಅಚ್ಚಿನವರೆಗೂ ಹೂತುಕೊಂಡು, ಎಂಟು ಜೊತೆ ಎತ್ತು ಕಟ್ಟಿ ಎಳೆಸಬೇಕಾಯಿತು.

"ರೀ ಸುಬ್ಬರಾವ್, ನಿಮ್ಮ ಮಣ್ಣು ಬಸ್ಸಿನಲ್ಲಿ ಬೆವರಿ ಒಣಗಿ ಹೋಗಿದೆ ಕಣ್ರೀ" ಎಂದರು ರಾಯರು. "ಮುಂದಿನ ಸಲ ಅದಕ್ಕೂ ಒಂದು ಟಿಕೀಟು ತಗೊಂಡು ನೆರಳಿನಲ್ಲಿ ಕೂರಿಸಿ."

ಅಂದಿನಿಂದ ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಗಳನ್ನು ತಂದೆ. ಮುಚ್ಚಳದ ಸುತ್ತ ಮೇಣ ಮೆತ್ತಿದೆ. ಡಬ್ಬಿಯ ಪಾಠ ಕಲಿತೆ, ದಾರಿಯ ಪಾಠ ಕಲಿಯಲಿಲ್ಲ. ಅದು ಮುಂದೆ ತಿಳಿಯುತ್ತದೆ.

ಕೆಲವು ವರ್ಷದ ಮೇಲೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ದಿಬ್ಬೂರಹಳ್ಳಿಯಿಂದ ಆಚೆ, ಒಂದು ಕೆರೆಯ ಏರಿ ಕಿತ್ತುಹೋಯಿತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಜನ ಇದ್ದಾರೆ, ನನ್ನ ಮುಖ ಅವರಿಗೆ ನೆನಪಿದೆ. ಕಿತ್ತುಹೋದ ಜಾಗಕ್ಕೆ ಹೊಸ ಮಣ್ಣು ಕಟ್ಟಿ ಮಳೆಗಾಲಕ್ಕೆ ಮುಂಚೆ ಮುಗಿಸಬೇಕಿತ್ತು. ನನ್ನನ್ನು ಒಲೆ, ಬಾಣಲೆ, ಡಬ್ಬಿ ಸಮೇತ ಅಲ್ಲಿಗೆ ಕಳಿಸಿದರು. ಏರಿಯ ಪಕ್ಕದ ಹೊಂಗೆಯ ಮರದ ಕೆಳಗೆ ತಡಿಕೆ ಕಟ್ಟಿಕೊಂಡು ಕೂತೆ.

ಕೆಲಸ ಹಿಡಿದವನು ಓಬಳಪ್ಪ ಮೇಸ್ತ್ರಿ. ತಲೆತಲಾಂತರದಿಂದ ಮಣ್ಣಿನ ಕೆಲಸ ಮಾಡಿಕೊಂಡು ಊರಿಂದೂರಿಗೆ ಹೋಗುವ ಜನ. ಮನೆಯಲ್ಲಿ ತೆಲುಗು, ನಮ್ಮೊಡನೆ ಕನ್ನಡ. ಅವನ ಹಿಂದೆ ಇಪ್ಪತ್ತು ಸಂಸಾರ. ಹೆಂಡತಿ ಗಂಗುಲಮ್ಮ ಮಂಕರಿ ಹೊರುವ ಹೆಂಗಸರ ಮುಂದಾಳು. ಸರ್ಕಾರಿ ಕೆಲಸಕ್ಕೆ ಒಪ್ಪಿಗೆಯಾದ ಮೇಸ್ತ್ರಿಗಳ ಒಂದು ಪಟ್ಟಿ ನಮ್ಮ ಕಚೇರಿಯಲ್ಲಿ ಇತ್ತು. ಅದರಲ್ಲಿ ಓಬಳಪ್ಪನ ಹೆಸರಿದ್ದರೆ ಆ ಇಪ್ಪತ್ತು ಸಂಸಾರಕ್ಕೂ ಬೇಸಗೆಯಲ್ಲಿ ಕೆಲಸ, ಇಲ್ಲದಿದ್ದರೆ ಇಲ್ಲ.

ಓಬಳಪ್ಪನ ಪರೀಕ್ಷೆ ಬೇರೆ. ಏರಿಯ ಮೇಲೆ ಹರಡಿದ ಮಣ್ಣನ್ನು ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಅಮುಕುತ್ತಿದ್ದ. ಉಂಡೆಯನ್ನು ಸೊಂಟದೆತ್ತರದಿಂದ ಬಿಡುತ್ತಿದ್ದ. ಪುಡಿಪುಡಿಯಾದರೆ ಒಣಗಿದೆ. ಚಪ್ಪಟೆಯಾಗಿ ಅಂಟಿದರೆ ನೀರು ಜಾಸ್ತಿ. ಮೂರೋ ನಾಲ್ಕೋ ಚೂರಾದರೆ ಹದ. ಮೊದಲ ವಾರ ನಾನು ಅವನು ಹೇಳಿದ್ದನ್ನೆಲ್ಲ ಹುರಿದು ನೋಡಿದೆ. ಅವನು "ಇನ್ನೊಂದು ಚೂರು ನೀರು" ಎಂದ ಕಡೆ ನನ್ನ ಬಾಣಲೆಯೂ ಹಾಗೇ ಹೇಳಿತು. ಅವನು "ಸಾಕು" ಎಂದ ಕಡೆ ನೂರಕ್ಕೆ ಹದಿನಾಲ್ಕು ಬಂತು. ಆ ಮಣ್ಣಿನ ಹದ ಹದಿನಾಲ್ಕು ಎಂದು ನಾನು ಚಿಕ್ಕಬಳ್ಳಾಪುರದಲ್ಲಿ ಹತ್ತು ದಿನ ಅಚ್ಚಿನಲ್ಲಿ ಕುಟ್ಟಿ ಕಂಡುಹಿಡಿದಿದ್ದೆ. ಅವನು ಹತ್ತು ಎಣಿಸುವಷ್ಟರಲ್ಲಿ ಕಂಡುಹಿಡಿಯುತ್ತಿದ್ದ. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು.

"ಡಬ್ಬಿ ಸಾಮೇರದು ನಿಧಾನ, ಆದ್ರೆ ಸುಳ್ಳು ಹೇಳಲ್ಲ" ಎಂದು ಗಂಗುಲಮ್ಮ ಹೆಂಗಸರ ಮುಂದೆ ಹೇಳಿದಳು. ಹೊಗಳಿಕೆಯೋ ಚುಚ್ಚಿದ್ದೋ ತಿಳಿಯದೆ ಎರಡು ದಿನ ಯೋಚಿಸಿದೆ.

ಮಣ್ಣು ತೆಗೆಯುತ್ತಿದ್ದ ಗುಂಡಿ ಏರಿಯಿಂದ ಎರಡು ಫರ್ಲಾಂಗು ದೂರ. ಓಬಳಪ್ಪ ಗುಂಡಿಗೆ ಹಿಂದಿನ ದಿನವೇ ನೀರು ಕುಡಿಸಿ ಬಿಡುತ್ತಿದ್ದ. "ಮಣ್ಣು ನೀರು ಕುಡಿದು ಒಂದು ನಿದ್ದೆ ತೆಗೀಬೇಕು ಸಾಮಿ. ಆಗ ಎಲ್ಲಾ ಕಡೆ ಒಂದೇ ಸಮ ಆಯ್ತದೆ." ಅದರ ಮೇಲೆ ಏರಿಯಲ್ಲಿ ಹರಡಿದಾಗ ಪೀಪಾಯಿ ಗಾಡಿಯಿಂದ ಮತ್ತೆ ಚಿಮುಕಿಸುತ್ತಿದ್ದ. ಈ ಎರಡನೆಯ ನೀರಿಗೇ ತೊಂದರೆ ಬಂದದ್ದು. ನೀರು ತರುತ್ತಿದ್ದದ್ದು ಊರ ಬಾವಿಯಿಂದ. ಬಿಸಿಲು ಏರಿದಂತೆ ಬಾವಿ ಇಳಿಯಿತು. ಒಂದು ಬೆಳಿಗ್ಗೆ ಕೆರೆಯ ನೀರುಗಂಟಿ ಮುನಿಶಾಮಪ್ಪ ಬಂದ. ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವುದು ಅವನ ಮನೆತನದ ಕೆಲಸ. ಊರ ನೀರಿನ ಮಾತೆಲ್ಲ ಅವನ ಬಾಯಿಂದಲೇ ಬರಬೇಕು.

"ಸ್ವಾಮಿ, ಹೆಂಗಸರು ಬಾವೀಲಿ ತಂಬಿಗೆ ಬಿಟ್ಟು ಗೋರ್ತಾವ್ರೆ. ನೀವು ಪೀಪಾಯಿಗಟ್ಲೆ ಮಣ್ಣಿಗೆ ಸುರೀತೀರಿ. ಮಣ್ಣಿಗೇನು ಬಾಯಾರಿಕೆ?"

ನಾನು ರಾಯರಿಗೆ ಬರೆದೆ. ಅವರು ಜೀಪಿನಲ್ಲಿ ಬಂದರು, ಬಿಸಿಲಿಗೆ ಕೆಂಪಾಗಿ. "ಗುಂಡಿಯಲ್ಲಿ ಎಷ್ಟು ಬರ್ತಿದೆ ನಿಮ್ಮ ಲೆಕ್ಕ?"

"ಹದಿನಾಲ್ಕು, ಹದಿನಾಲ್ಕೂವರೆ ಸಾರ್."

"ಮತ್ತೆ? ಹದ ಅಲ್ಲೇ ಇದೆಯಲ್ಲ. ಏರಿ ಮೇಲೆ ಇನ್ನೆಂಥ ಸ್ನಾನ ಅದಕ್ಕೆ? ಹದಿನಾಲ್ಕಕ್ಕಿಂತ ಇಳಿದ ದಿನ ನೀರು ಹಾಕಿಸಿ. ಇಲ್ಲದಿದ್ದರೆ ಬೇಡ."

ಆದೇಶ ಸರಿಯಾಗಿಯೇ ಇತ್ತು, ಮಾದರಿಯನ್ನು ಏರಿಯ ಮೇಲೆ ತೆಗೆದಿದ್ದರೆ. ಮೊದಲ ವಾರಗಳಲ್ಲಿ ನಾನು ಗುಂಡಿಯಲ್ಲಿ ಆಗೊಮ್ಮೆ ಈಗೊಮ್ಮೆ ನೋಡಿದರೂ ದಿನದ ಮಾದರಿಯನ್ನು ಏರಿಯ ಮೇಲೆಯೇ ತೆಗೆಯುತ್ತಿದ್ದೆ. ಆದರೆ ಏರಿಯ ಮೇಲೆ ತೆಗೆಯಬೇಕಾದರೆ ಮಣ್ಣು ಹರಡಿದ ಮೇಲೆ ಎಲ್ಲರೂ ನಿಲ್ಲಬೇಕು. ನಾನು ಹುರಿದು, ತೂಗಿ, ಹೇಳುವವರೆಗೆ ರೋಲರಿನ ಎತ್ತುಗಳು ನಿಂತಲ್ಲೇ ಮೆಲುಕು ಹಾಕುತ್ತವೆ, ಹೆಂಗಸರು ತಲೆಯ ಮೇಲೆ ಮಂಕರಿ ಹೊತ್ತು ಸಾಲಾಗಿ ನಿಂತು ನನ್ನನ್ನೇ ನೋಡುತ್ತಾರೆ. ಅಷ್ಟು ಜನ ನೋಡುತ್ತಿದ್ದರೆ ತೂಕದ ಬಟ್ಟು ನನ್ನ ಕೈಯಿಂದ ಕೆಳಗೆ ಬೀಳುತ್ತಿತ್ತು. ಗುಂಡಿಯಲ್ಲಾದರೆ ಬೆಳಿಗ್ಗೆ ತಂಪಿನಲ್ಲಿ, ಕೆಲಸ ಶುರುವಾಗುವ ಮುಂಚೆ, ಯಾರೂ ಇಲ್ಲದಾಗ ಡಬ್ಬಿ ತುಂಬಿಕೊಂಡು ಬರಬಹುದು. ರಾಯರು ಬಂದುಹೋದ ಮರುದಿನದಿಂದ ಹಾಗೆ ಮಾಡತೊಡಗಿದೆ. ಯಾರೂ ಹೇಳಿದ್ದಲ್ಲ, ನಾನೇ ಕಂಡುಕೊಂಡ ಸುಖ.

ಗುಂಡಿಯ ಮಣ್ಣು ಮಂಕರಿಯಲ್ಲಿ ಎರಡು ಫರ್ಲಾಂಗು ಬಿಸಿಲಲ್ಲಿ ಬರುತ್ತಿತ್ತು. ಏರಿಯ ಮೇಲೆ ರಾಶಿ ಬಿದ್ದು, ಊಟದ ಹೊತ್ತು ಕಳೆದು, ಆಮೇಲೆ ಹರಡಿಸಿಕೊಳ್ಳುತ್ತಿತ್ತು. ಆ ಮೈದಾನದಲ್ಲಿ ಗಾಳಿ ಬೇರೆ. ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು. ಛತ್ರಿ ಹಿಡಿದು ನೋಡುತ್ತಿದ್ದೆ. ನನ್ನ ತಲೆ ಒಣಗದ ಹಾಗೆ ನೋಡಿಕೊಂಡೆ.

ನಾಲ್ಕನೆಯ ದಿನವೋ ಐದನೆಯ ದಿನವೋ ಓಬಳಪ್ಪ ತಡಿಕೆಯ ಬಳಿ ಬಂದು ಹಿಡಿ ಮಣ್ಣು ಅಮುಕಿ ನನ್ನ ಕಾಲ ಬಳಿ ಬಿಟ್ಟ. ಪುಡಿಯಾಯಿತು.

"ಚೂಡಂಡಿ, ನೋಡಿ ಸಾಮಿ. ಏರಿ ಮೇಲೆ ಮಣ್ಣು ಒಣಗೈತೆ. ನೀರು ಬೇಕು."

"ಬೆಳಿಗ್ಗೆ ನೋಡಿದೀನಿ ಓಬಳಪ್ಪ. ಹದಿನಾಲ್ಕು ಇದೆ."

"ಹದಿನಾಲ್ಕು ಅಂದ್ರೆ ಹಿಂಗೆ ಪುಡಿ ಆಗಲ್ಲ."

"ನಿನ್ನ ಕೈಯಿ ಬಿಸಿಲಿಗೆ ಒಣಗಿದೆ" ಎಂದೆ. ಹಾಸ್ಯಕ್ಕೆಂದೇ ಹೇಳಿದೆ. ರಿಜಿಸ್ಟರ್ ತೆರೆದು ಅಂಕಿ ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಅವನು ಪುಸ್ತಕವನ್ನು ನೋಡಿದ. ನನ್ನನ್ನು ನೋಡಿದ. "ಸರಿ ಸಾಮಿ, ನೀವು ಹೇಳಿದಂಗೆ" ಎಂದು ಹೋದ. ರೋಲರ್ ಉರುಳಿತು.

ಮೇ ಕೊನೆಗೆ ಏರಿ ಮುಗಿಯಿತು. ಏರಿಯಿಂದ ಮಣ್ಣಿನ ತುಂಡು ಕೊಯ್ದು ತೂಗಿ ಒತ್ತು ನೋಡುವ ಉಕ್ಕಿನ ಕೊಳವೆ ಆಗ ನಮ್ಮ ಕಡೆಗೆಲ್ಲ ಒಂದೇ ಇತ್ತು, ಅದು ಬೇರೆ ಕಡೆ ಹೋಗಿತ್ತು. ರಾಯರು ಬೂಟಿನ ಹಿಮ್ಮಡಿಯಿಂದ ಒದ್ದು ನೋಡಿದರು. ಹಾರೆ ಹಾಕಿಸಿದರು. ಠಣ್ ಎಂದಿತು. "ಕಲ್ಲು ಕಣ್ರೀ, ಕಲ್ಲು" ಎಂದು ನನ್ನ ಬೆನ್ನು ತಟ್ಟಿದರು. ಓಬಳಪ್ಪ ದೂರ ನಿಂತು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಮರುದಿನ ಅವನ ಜನ ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಚಿಂತಾಮಣಿಯ ಕಡೆಗೆ ಹೊರಟುಹೋದರು.

ಆ ವರ್ಷ ಮಳೆ ಚೆನ್ನಾಗಿ ಬಂತು. ಕೆರೆಗೆ ಅರ್ಧಕ್ಕಿಂತ ಮೇಲೆ ನೀರು ನಿಂತಾಗ ನಾನು ಒಮ್ಮೆ ನೋಡಿಬರುತ್ತೇನೆಂದು ಹೋದೆ. ಯಾರೂ ಹೇಳಿರಲಿಲ್ಲ. ಚಿಂತೆ ನನ್ನ ಹವ್ಯಾಸ, ಅದು ಹೋಗು ಎಂದಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿಯ ಮೇಲೆ ನಡೆಯುತ್ತಿದ್ದರೆ, ಹೊಸ ಭಾಗದಲ್ಲಿ ನೆತ್ತಿ ಒಂದು ಗೇಣು ಕುಗ್ಗಿದೆ. ಕೆಳಗೆ ಬುಡದಲ್ಲಿ ಮುನಿಶಾಮಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಏರಿಯ ಹೊರಮೈಯಲ್ಲಿ ಒದ್ದೆ ಬಂದಿತ್ತು, ಒಂದು ಸಣ್ಣ ಧಾರೆ ಹರಿಯುತ್ತಿತ್ತು.

"ಬನ್ನಿ ಸ್ವಾಮಿ" ಎಂದ. ಬೊಗಸೆಯಲ್ಲಿ ಹಿಡಿದು ತೋರಿಸಿದ. "ತಿಳಿನೀರಾದ್ರೆ ಭಯ ಇಲ್ಲ, ಯಾವ ಏರಿಯಾದ್ರೂ ಬೆವರ್ತದೆ. ಇದು ಕೆಂಪಗೈತೆ. ಒಳಗಿನ ಮಣ್ಣು ಹೊತ್ಕೊಂಡು ಬರ್ತಾ ಐತೆ."

ಕೆಳಗೆ ಗದ್ದೆಗಳು, ಗದ್ದೆಗಳಾಚೆ ಹದಿನೈದಿಪ್ಪತ್ತು ಮನೆಗಳ ಕೇರಿ. ರಾಯರು ಬೆಂಗಳೂರಿಗೆ ಹೋಗಿದ್ದರು. ಅವರ ಅಪ್ಪಣೆ ಬರಬೇಕಾದರೆ ಮರುದಿನ. ಏರಿ ಮರುದಿನದವರೆಗೆ ನಿಲ್ಲುತ್ತದೆಯೇ ಎಂದು ಕೇಳಿದೆ. ಮುನಿಶಾಮಪ್ಪ ಕೇರಿಯ ಕಡೆ ನೋಡಿದ. ಉಳಿದದ್ದು ಒಂದೇ ದಾರಿ, ತೂಬು ಪೂರ್ತಿ ತೆರೆದು ಕೋಡಿಯ ಕಲ್ಲು ಕಿತ್ತು ನೀರನ್ನು ಬಿಟ್ಟುಬಿಡುವುದು. ಎಂದರೆ ಊರಿನ ಆ ವರ್ಷದ ಬತ್ತ ಹೋದಂತೆ.

"ತೆಗಿ" ಎಂದೆ.

"ನೀವು ಹೇಳಿದ್ರಿ ಅಂತ ಬರೆದು ಕೊಡ್ತೀರಾ? ನಮ್ಮಪ್ಪನ ಕಾಲದಿಂದ ಈ ನೀರು ಕಾದಿದೀನಿ. ನಾಳೆ ಊರೋರು ನನ್ನ ಕೇಳ್ತಾರೆ."

ಬರೆದು ಕೊಟ್ಟೆ. ನನ್ನ ಜೀವನದಲ್ಲಿ ಎರಡು ಸಲ ಓದದೆ ಸಹಿ ಹಾಕಿದ ಕಾಗದ ಅದೊಂದೇ. ಮುನಿಶಾಮಪ್ಪ ಪಂಚೆ ಬಿಗಿದು ನೀರಿಗಿಳಿದ. ತೂಬಿನ ಬಿರಡೆ ಕೀಳಲು ಮೂರು ಸಲ ಮುಳುಗಿದ. ಊರಿನವರು ಬಂದು ದಂಡೆಯ ಮೇಲೆ ನಿಂತರು. ಬೈಯುತ್ತಾರೆಂದುಕೊಂಡೆ, ಯಾರೂ ಬೈಯಲಿಲ್ಲ. ಕೆಲವರು ಹೋಗಿ ಕೋಡಿಯ ಕಲ್ಲು ಕಿತ್ತರು, ತಾವೇ ಕೂರಿಸಿದ್ದ ಕಲ್ಲುಗಳನ್ನು. ಎರಡು ಹಗಲು ನೀರು ಹರಿಯಿತು. ಏರಿ ನಿಂತಿತು, ಕೇರಿ ಉಳಿಯಿತು. ಕೆರೆಯಲ್ಲಿ ಕೆಸರು ಉಳಿಯಿತು.

ವಾರದ ಮೇಲೆ ರಾಯರು ಬಂದು ಏರಿಯನ್ನು ಅಗೆಸಿದರು. ನಾನು ಬೇರೆ ಬೇರೆ ಎತ್ತರದಿಂದ ಮಣ್ಣಿನ ಹೆಂಟೆಗಳನ್ನು ಕೊಯ್ದು ತಂದು ಒಂದೊಂದನ್ನೇ ನೀರಿನ ಬಕೆಟ್ಟಿಗೆ ಹಾಕಿದೆ. ಕೆಳಗಿನ ಪದರದ್ದು ಗಂಟೆ ಕಳೆದರೂ ಹಾಗೇ ಇತ್ತು. ಮೇಲಿನ ಪದರದ್ದು, ಹಾರೆಗೆ ಠಣ್ ಎಂದಿದ್ದು, ಸಕ್ಕರೆ ಅಚ್ಚಿನ ಹಾಗೆ ಕುಸಿದು ತಳಕ್ಕೆ ಇಳಿಯಿತು. ಎರಡೂ ಒಂದೇ ಗುಂಡಿಯ ಮಣ್ಣು, ಒಂದೇ ರೋಲರ್. ಎಲ್ಲಿಂದ ಮಣ್ಣು ಕೆಟ್ಟಿದೆಯೆಂದು ಅಳೆದು ನೋಡಿ ರಿಜಿಸ್ಟರಿಗೆ ಹೋಲಿಸಿದೆ. ನಾನು ಏರಿಯನ್ನು ಬಿಟ್ಟು ಗುಂಡಿಯಲ್ಲಿ ಡಬ್ಬಿ ತುಂಬತೊಡಗಿದ ದಿನದಿಂದ.

ಇದು ನನ್ನೊಬ್ಬನಿಗೆ ಗೊತ್ತಿತ್ತು. ರಿಜಿಸ್ಟರಿನಲ್ಲಿ ಪ್ರತಿ ದಿನವೂ ಹದಿನಾಲ್ಕು ಎಂದು ಚೆಂದದ ಅಕ್ಷರದಲ್ಲಿ ಇತ್ತು. ಎಲ್ಲಿ ತೆಗೆದದ್ದು ಎಂಬ ಕಾಲಮ್ಮೇ ಇರಲಿಲ್ಲ.

ರಾಯರು ವರದಿ ಬರೆದರು. ಅವರು ಕೆಟ್ಟವರಲ್ಲ, ಕಾಗದ ನೋಡಿ ಬರೆದರು. ಪರೀಕ್ಷೆಯ ದಾಖಲೆಗಳೆಲ್ಲ ಸರಿಯಿವೆ. ಆದ್ದರಿಂದ ಮೇಸ್ತ್ರಿಯು ರೋಲರ್ ಓಡಿಸುವುದರಲ್ಲಿ ಕಳ್ಳಾಟ ಮಾಡಿರಬೇಕು. ಅವನ ಹೆಸರನ್ನು ಪಟ್ಟಿಯಿಂದ ತೆಗೆಯತಕ್ಕದ್ದು. ನನಗೆ ಓದಿ ಹೇಳಿ, "ಏನಾದರೂ ಸೇರಿಸಬೇಕೇನ್ರೀ?" ಎಂದು ಕೇಳಿದರು.

ನಾನು "ಇಲ್ಲ ಸಾರ್" ಎಂದೆ.

ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ನನ್ನ ಪೆದ್ದುತನಗಳನ್ನು ಹೇಳಿಕೊಂಡು ನಗುವುದು ನನಗೆ ಸುಲಭ, ಇದು ಆ ಜಾತಿಯದಲ್ಲ. ಎಂಟು ದಿನ ಸುಮ್ಮನಿದ್ದೆ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಕಚೇರಿಗೆ ಹೋಗುತ್ತಿದ್ದೆ. ಇಂದು ಅವರ ಮುಖ ಸರಿಯಿಲ್ಲ, ಇಂದು ಶುಕ್ರವಾರ, ಇಂದು ಅವರಿಗೆ ನೆಗಡಿ. ಅಷ್ಟರಲ್ಲಿ ಪಟ್ಟಿಯ ತಿದ್ದುಪಡಿ ಎಲ್ಲ ಉಪವಿಭಾಗಗಳಿಗೂ ಹೋಗಿತ್ತು. ಚಿಂತಾಮಣಿಯಿಂದ ಬಂದ ಗುಮಾಸ್ತರೊಬ್ಬರು ಮಾತಿಗೆ ಹೇಳಿದರು, "ಓಬಳಪ್ಪನ ಗುಂಪನ್ನ ಕಾಲುವೆ ಕೆಲಸದಿಂದ ಎಬ್ಬಿಸಿಬಿಟ್ರು. ಹೆಂಗಸರೆಲ್ಲ ರಸ್ತೆ ಬದೀಲಿ ಜಲ್ಲಿ ಒಡೀತಾ ಕೂತಿದ್ದಾರೆ."

ಆ ದಿನ ಮಧ್ಯಾಹ್ನ ಬರೆದೆ. ಒಂದೇ ಪುಟ. ಇಂಥ ದಿನದಿಂದ ಇಂಥ ದಿನದವರೆಗೆ ಮಾದರಿಗಳನ್ನು ಗುಂಡಿಯಲ್ಲಿ ತೆಗೆದಿದ್ದೇನೆ, ಏರಿಯ ಮೇಲೆ ಅಲ್ಲ. ಮಣ್ಣು ದಾರಿಯಲ್ಲಿ ಒಣಗಿದೆ. ಮೇಸ್ತ್ರಿಯು ನೀರು ಬೇಕೆಂದು ಹೇಳಿದ್ದನು, ನಾನು ಬೇಡವೆಂದೆನು.

ರಾಯರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂರು ಮಕ್ಕಳು ಕಣ್ರೀ ನಿಮಗೆ. ಇದು ಫೈಲಿಗೆ ಹೋದರೆ ವಾಪಸು ಬರಲ್ಲ."

"ಗೊತ್ತು ಸಾರ್."

"ಏರಿ ಮೇಲೆ ನೀರು ಬೇಡ ಅಂದವನು ನಾನು."

"ಹದಿನಾಲ್ಕಕ್ಕಿಂತ ಇಳಿದರೆ ಹಾಕಿ ಅಂದಿದ್ರಿ. ಇಳಿದಿತ್ತು. ನಾನು ನೋಡಲಿಲ್ಲ."

ಅವರು ಕನ್ನಡಕ ಮತ್ತೆ ಹಾಕಿಕೊಂಡು, ನನ್ನ ಪುಟದ ಕೆಳಗೆ ತಮ್ಮ ಕೈಯಿಂದ ಎರಡು ಸಾಲು ಸೇರಿಸಿದರು. ನೀರಿನ ಬಗ್ಗೆ ಆದೇಶ ತಮ್ಮದೆಂದು, ಮಾದರಿ ಎಲ್ಲಿಂದ ಎಂದು ತಾವೂ ಕೇಳಲಿಲ್ಲವೆಂದು. ಮೇಲಕ್ಕೆ ಕಳಿಸಿದರು. ಆಮೇಲೆ ನನಗೇನಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ನನ್ನ ಹೆಂಡತಿಗೆ ಅದು ಬಾಯಿಪಾಠವಿದೆ, ಕೇಳಿದವರಿಗೆಲ್ಲ ಹೇಳುತ್ತಾಳೆ. ಓಬಳಪ್ಪನ ಹೆಸರು ಪಟ್ಟಿಗೆ ವಾಪಸು ಬಂತು, ಅಷ್ಟು ಸಾಕು.

ಏರಿಯನ್ನು ಮೇಲಿನ ಪದರ ಕಿತ್ತು ಮತ್ತೆ ಕಟ್ಟಬೇಕಿತ್ತು. ಓಬಳಪ್ಪನನ್ನು ಕರೆಯಲು ನಾನೇ ಚಿಂತಾಮಣಿಗೆ ಹೋದೆ. ಊರ ಹೊರಗೆ ರಸ್ತೆಯ ಬದಿಯಲ್ಲಿ ಅವರ ಗುಡಾರಗಳು. ಗಂಗುಲಮ್ಮ ಸುತ್ತಿಗೆ ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಗುಂಡಿಯ ವಿಷಯ, ಎಂಟು ದಿನದ ವಿಷಯ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ.

"ಗುಂಡೀಲಿ ತೆಗೀತಿದ್ದಿದ್ದು ನಾನು ನೋಡಿದ್ನಲ್ಲ ಸಾಮಿ" ಎಂದ ಓಬಳಪ್ಪ.

"ಮತ್ತೆ ಯಾಕೆ ಹೇಳಲಿಲ್ಲ?"

"ಓದಿದೋರು. ಗುಂಡಿ ಮಣ್ಣು ನೋಡಿ ಏರಿ ಮಣ್ಣಿನ ಲೆಕ್ಕ ಹಾಕೋ ವಿದ್ಯೆ ಏನೋ ಐತೆ ಅಂದ್ಕೊಂಡೆ."

ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

"ಬರ್ತೀಯಾ?"

ಅವನು ಹೆಂಡತಿಯ ಕಡೆ ನೋಡಿದ. ಗಂಗುಲಮ್ಮ ಈಗ ಸುತ್ತಿಗೆ ಕೆಳಗಿಟ್ಟಳು. "ಈ ಸಲ ಡಬ್ಬಿ ಎಲ್ಲಿ ತುಂಬ್ತೀರ, ಅದು ಹೇಳಿ ಮೊದ್ಲು."

"ಏರಿ ಮೇಲೆ. ಮಣ್ಣು ಹರಡಿದ ಮೇಲೆ. ನಿಮ್ಮೆಲ್ಲರ ಮುಂದೆ."

"ನಾವು ಮಂಕರಿ ಹೊತ್ಕೊಂಡು ಕಾಯ್ಬೇಕು."

"ಕಾಯ್ಬೇಕು."

"ಕಾಯ್ತೀವಿ ಬುಡಿ" ಎಂದಳು. "ತಲೆ ಮೇಲೆ ಹೊತ್ತಿದ್ದು ಎಷ್ಟು ಭಾರ ಅಂತ ನಿಮ್ಗೂ ಒಸಿ ಗೊತ್ತಾಗ್ಲಿ."

ಮುಂದಿನ ಬೇಸಗೆಯಲ್ಲಿ ಅವರು ಬಂದರು. ಊರ ಬಾವಿಯನ್ನು ಮುಟ್ಟದೆ, ಕೆರೆಯ ಅಂಗಳದಲ್ಲೇ ಒಂದು ಹೊಂಡ ತೋಡಿಸಿ ಅಲ್ಲಿಂದ ನೀರು ತಂದರು. ಮುನಿಶಾಮಪ್ಪ ಜಾಗ ತೋರಿಸಿದ. ನಾನು ಏರಿಯ ಮೇಲೆಯೇ ಒಲೆ ಹೂಡಿದೆ. ಹೆಂಗಸರು ಸಾಲಾಗಿ ನಿಂತು ನೋಡುತ್ತಿದ್ದರು. ಬಟ್ಟು ಕೆಳಗೆ ಬೀಳುತ್ತಿತ್ತು, ಎತ್ತಿಕೊಳ್ಳುತ್ತಿದ್ದೆ. ರಿಜಿಸ್ಟರಿನಲ್ಲಿ ಗೆರೆ ಎಳೆದು ಒಂದು ಕಾಲಮ್ಮು ಹೆಚ್ಚಿಸಿದೆ. ಎಲ್ಲಿ ತೆಗೆದದ್ದು, ಎಷ್ಟು ಹೊತ್ತಿಗೆ. ಅನುಮತಿ ಕೇಳಲಿಲ್ಲ.

ಈಗ ಪೌಂಡು ಹೋಗಿ ಕಿಲೋ ಬಂದಿದೆ. ಮೈತುಂಬ ಗೊರಸಿನಂಥ ಗೂಟಗಳಿರುವ ಕುರಿಪಾದದ ರೋಲರನ್ನು ಟ್ರ್ಯಾಕ್ಟರು ಎಳೆಯುತ್ತದೆ. ಒಲೆಯೂ ಬೇಡ, ಒಂದು ಬಾಟಲಿ ಬಂದಿದೆ. ಮಣ್ಣಿಗೆ ಒಂದು ಪುಡಿ ಸೇರಿಸಿ ಕುಲುಕಿದರೆ ಮುಳ್ಳು ತಿರುಗಿ ನೀರು ಎಷ್ಟೆಂದು ಕೆಲವೇ ನಿಮಿಷದಲ್ಲಿ ಹೇಳುತ್ತದೆ. ಒಳ್ಳೆಯ ಸಾಧನ, ನನಗೂ ಇಷ್ಟ. ಆದರೆ ಆ ಮಣ್ಣು ಎಲ್ಲಿಂದ ತಂದದ್ದೆಂದು ಅದು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನೀವು. ಏರಿಯ ಮೇಲೆ ನಿಂತ ಮುದುಕ ಒಣಗಿದೆ ಎಂದರೆ ಪುಸ್ತಕ ತೆರೆದು ತೋರಿಸಬೇಡಿ, ಎದ್ದು ಹೋಗಿ ನೋಡಿ.

ಎರಡನೆಯ ಸಲ ಕಟ್ಟಿದ ಏರಿಗೆ ಆ ವರ್ಷದ ಮಳೆಯಲ್ಲಿ ನೀರು ಬಂತು. ನಾನು ಮೂರು ಸಲ ಹೋದೆ. ನೀರು ಅರ್ಧಕ್ಕೆ ಬಂದಾಗ, ಮುಕ್ಕಾಲಿಗೆ ಬಂದಾಗ, ಕೋಡಿ ಹರಿದ ದಿನ. ಪ್ರತಿ ಸಲವೂ ಬುಡದ ಉದ್ದಕ್ಕೂ ಬರಿಗಾಲಿನಲ್ಲಿ ನಡೆದೆ. ಕಾಲಿಗೆ ತೇವ ತಗುಲಲಿಲ್ಲ. ಹಳೆಯ ಹೊಸ ಮಣ್ಣಿನ ಸಂದಿನ ಬಳಿ ಅಂಗೈಯಷ್ಟು ಜಾಗ ಬೆವರಿತ್ತು. ಮುನಿಶಾಮಪ್ಪ ಬೆರಳಿನಿಂದ ಒರಸಿ ತೋರಿಸಿದ. ತಿಳಿನೀರು.

ಓಬಳಪ್ಪನ ಜನ ಅಲ್ಲಿರಲಿಲ್ಲ. ಮಣ್ಣಿನ ಕೆಲಸದವರು ಮಳೆ ಹಿಡಿಯುವ ಮುಂಚೆ ಹೊರಟುಬಿಡುತ್ತಾರೆ. ಅವರು ಗೌರಿಬಿದನೂರಿನ ಆಚೆ ಒಂದು ಕಾಲುವೆಗೆ ಮಣ್ಣು ಹೊರುತ್ತಿದ್ದಾರೆಂದು ಕೇಳಿ, ಒಂದು ದಿನದ ರಜೆ ಹಾಕಿ ಹೋದೆ. ಮೋಡ ಮುಚ್ಚಿದ ಮಧ್ಯಾಹ್ನ. ಓಬಳಪ್ಪ ಕಾಲುವೆಯ ದಂಡೆಯ ಮೇಲೆ ನಿಂತಿದ್ದ. ನನ್ನನ್ನು ಕಂಡು ಅವನ ಮುಖ ಸಣ್ಣದಾಯಿತು. ಕೆಟ್ಟ ಸುದ್ದಿಗಲ್ಲದೆ ಕಚೇರಿಯವರು ಹುಡುಕಿಕೊಂಡು ಬಂದದ್ದನ್ನು ಅವನು ಕಂಡಿರಲಿಲ್ಲ.

"ಕೆರೆ ತುಂಬಿತು ಓಬಳಪ್ಪ" ಎಂದೆ.

"ಕೋಡಿ?"

"ಹರೀತು. ಐದು ದಿನ ಆಯ್ತು."

"ಬುಡ?"

"ಒಣಗಿದೆ. ನಾನೇ ನಡೆದು ನೋಡಿದೆ."

ಅವನು ಕೈಗೆ ಅಂಟಿದ ಮಣ್ಣನ್ನು ಉಜ್ಜಿಕೊಂಡ. "ನಾವು ಕಟ್ಟಿದ ಕೆರೇಲಿ ನಾವು ನೀರು ನೋಡಲ್ಲ ಸಾಮಿ" ಎಂದ. "ಯಾರೂ ಬಂದು ಹೇಳೋದೂ ಇಲ್ಲ."

ಆಮೇಲೆ ಕೆಳಗೆ ತಿರುಗಿ, ಕಾಲುವೆಯಿಂದ ಮಂಕರಿ ಹೊತ್ತು ಏರಿ ಬರುತ್ತಿದ್ದ ಗಂಗುಲಮ್ಮನಿಗೆ ಕೂಗಿ ಹೇಳಿದ, "ಚೆರುವು ನಿಂಡಿಂದಂಟಾ. ಕಟ್ಟ ನಿಲಿಚಿಂದಂಟಾ." ಕೆರೆ ತುಂಬಿತಂತೆ, ಏರಿ ನಿಂತಿತಂತೆ.

ಅವಳು ಅರ್ಧ ದಾರಿಯಲ್ಲಿ ನಿಂತಳು. ಹಿಂದೆ ಬರುತ್ತಿದ್ದ ಹೆಂಗಸರೂ ಸಾಲಾಗಿ ನಿಂತರು. ತಲೆಯ ಮೇಲಿನ ಭಾರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ತಿರುಗಿ ಅವರಿಗೆ ಹೇಳಿದಳು. ಅವರು ತಮ್ಮ ಹಿಂದಿನವರಿಗೆ ಹೇಳಿದರು. ಮಾತು ಸಾಲಿನ ಕೊನೆಯವರೆಗೆ, ಕಾಲುವೆಯ ತಳದಲ್ಲಿ ಅಗೆಯುತ್ತಿದ್ದವರವರೆಗೆ ಇಳಿದುಹೋಯಿತು. ಆಮೇಲೆ ಎಲ್ಲರೂ ಮತ್ತೆ ಹತ್ತತೊಡಗಿದರು.